ಮೂರು ಸೂಜಿ ಆದಮೇಲೂ 10ರ ಕೆಳಗೆ ಬಂದರೆ ಅದು ಆಕೆಯ ತಪ್ಪಲ್ಲ

ಇವತ್ತು ಬೆಳಿಗ್ಗೆ ನಮ್ಮ ಬಳ್ಳಾರಿಯ ಒಂದು ವಾಟ್ಸಾಪ್ ಗುಂಪಿನಲ್ಲಿ ನರ್ಸ್ ಒಬ್ಬರ ರಕ್ತದ ರಿಪೋರ್ಟು ಓಡಾಡುತ್ತಿತ್ತು. ಲಿವರಿಗೆ ತಗಲುವ ಹೆಪಟೈಟಿಸ್ ಬಿ ಸೋಂಕಿನ ಲಸಿಕೆಯ ಸೂಜಿ ಮೂರೂ ಆಗಿವೆ, ಸೋಂಕು ತಡೆಯುವ ಆ್ಯಂಟಿಬಾಡಿ ಮಾತ್ರ 10ರ ಕೆಳಗೆ; 10 ಮುಟ್ಟಿದರೆ ರಕ್ಷಣೆ ಇದೆ ಅಂತ ಲೆಕ್ಕ. "ಒಂದು ಸೂಜಿ ತಪ್ಪಿಸಿರ್ತಾಳ ಬಿಡ್ರಿ" ಅಂತ ಒಬ್ಬರು, "ಲಸಿಕೇನೇ ನೀರು" ಅಂತ ಇನ್ನೊಬ್ಬರು. ಓದಿ ಮೈ ಉರಿಯಿತು. ಇನ್ನೊಬ್ಬರ ರಿಪೋರ್ಟು ಹಂಚುವುದೇ ತಪ್ಪು, ಅದರ ಮೇಲೆ ಈ ತೀರ್ಪು ಬೇರೆ.

0, 1, 6 ತಿಂಗಳಿಗೆ ಸರಿಯಾಗಿ ಹಾಕಿಸಿಕೊಂಡ ಆರೋಗ್ಯವಂತ ದೊಡ್ಡವರಲ್ಲೇ ನೂರಕ್ಕೆ 5ರಿಂದ 10 ಮಂದಿ ಆ 10 ಎಂಐಯು (ಆ್ಯಂಟಿಬಾಡಿ ಅಳೆಯುವ ಮಾನ) ದಾಟುವುದಿಲ್ಲ. ವಯಸ್ಸು 40 ದಾಟಿದ್ದರೆ, ಬೀಡಿ ಸಿಗರೇಟು, ಬೊಜ್ಜು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಇನ್ನೂ ಹೆಚ್ಚು. ಇವ್ಯಾವುವೂ ಇಲ್ಲದವರಿಗೂ ಹೀಗಾಗುವುದಕ್ಕೆ ದೊಡ್ಡ ಕಾರಣ ಜೀನ್.

ಆರನೇ ಕ್ರೋಮೋಸೋಮಿನಲ್ಲಿ ಎಚ್‌ಎಲ್‌ಎ ಅನ್ನುವ ಜೀನ್‌ಗಳ ಗುಂಪಿದೆ. ಅವು ಮಾಡುವ ಪ್ರೋಟೀನು ಜೀವಕೋಶದ ಮೈಮೇಲೆ ಬೊಗಸೆಯ ಹಾಗೆ ಕೂತು, ಲಸಿಕೆಯ ತುಂಡುಗಳನ್ನು ಹಿಡಿದು ರೋಗ ತಡೆಯುವ ಪಡೆಯ ಟಿ ಕೋಶಕ್ಕೆ ತೋರಿಸುತ್ತದೆ. ಟಿ ಕೋಶ ಗುರುತಿಸಿದರೆ ಆ್ಯಂಟಿಬಾಡಿ ಮಾಡುವ ಬಿ ಕೋಶಕ್ಕೆ ಅಪ್ಪಣೆ, ಆಮೇಲೆ ಆ್ಯಂಟಿಬಾಡಿ. ಒಬ್ಬೊಬ್ಬರ ಬೊಗಸೆ ಒಂದೊಂದು ಆಕಾರ; ಎಲ್ಲರದರಲ್ಲೂ ಒಂದೇ ತುಂಡು ನಿಲ್ಲುವುದಿಲ್ಲ. ಈ ಗುಂಪಿನ ಡಿಆರ್‌ಬಿ1 ಜೀನಿನ 03 ಮತ್ತು 07 ಬಗೆ ಇರುವವರಲ್ಲಿ ಈ ಲಸಿಕೆ ಹತ್ತದಿರುವುದು ಮತ್ತೆ ಮತ್ತೆ ಕಂಡಿದೆ. ಗ್ಯಾಂಬಿಯಾದ ಅವಳಿ ಶಿಶುಗಳ ಅಧ್ಯಯನ 2004ರಲ್ಲಿ ಪ್ರಕಟವಾಯಿತು: ಹೆಪಟೈಟಿಸ್ ಬಿ ಆ್ಯಂಟಿಬಾಡಿಯ ಏರುಪೇರಿನಲ್ಲಿ ಶೇ. 77 ಪಾಲು ಜೀನಿನದು. ಧನುರ್ವಾಯು ಲಸಿಕೆಗೆ ಶೇ. 44.

"ಬಳ್ಳಾರಿ ಬಿಸಿಲಿಗೆ ಲಸಿಕೆ ಕೆಟ್ಟಿರುತ್ತೆ" ಅನ್ನುತ್ತೀರಿ. 2ರಿಂದ 8 ಡಿಗ್ರಿಯಲ್ಲಿಡಬೇಕು, ನಿಜ. ಆದರೆ ಈ ಲಸಿಕೆ ಬಿಸಿಗಿಂತ ಹೆಪ್ಪುಗಟ್ಟಿದರೆ ಬೇಗ ಹಾಳು. ಐಸ್‌ಪ್ಯಾಕ್ ಬೆವತು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರುವ ತನಕ ಕಾಯದೆ ಲಸಿಕೆ ಒಯ್ಯುವ ಡಬ್ಬಿಗೆ ತುರುಕುವುದೇ ಅಪಾಯ. ಸೀಸೆಯ ಮೇಲಿನ ಬಣ್ಣದ ಗುರುತು ಬಿಸಿಯನ್ನಷ್ಟೇ ತೋರಿಸುತ್ತದೆ. ಅದೂ ಅಲ್ಲದೆ, ಲಸಿಕೆ ಕೆಟ್ಟಿದ್ದರೆ ಜೊತೆಗೆ ಹಾಕಿಸಿಕೊಂಡವರಲ್ಲೂ ಅನೇಕರಿಗೆ ಹೀಗೇ ಆಗಬೇಕಿತ್ತಲ್ಲ?

ಆಕೆಯನ್ನು ಕೇಳಬೇಕಿದ್ದದ್ದು ಇಷ್ಟೇ: ಮೂರನೇ ಸೂಜಿ ಯಾವಾಗ ಆಯ್ತಮ್ಮ, ರಟ್ಟೆಗೋ ಸೊಂಟಕ್ಕೋ? ಸೊಂಟಕ್ಕೆ ಹಾಕಿದರೆ ಔಷಧಿ ಕೊಬ್ಬಿನಲ್ಲಿ ಉಳಿದು ಸರಿಯಾಗಿ ಹತ್ತುವುದಿಲ್ಲ. ಪರೀಕ್ಷೆ ಮೂರನೇ ಡೋಸಿನ ಒಂದೆರಡು ತಿಂಗಳೊಳಗೆ ಆಗಬೇಕು. ವರ್ಷಗಳಾದ ಮೇಲೆ ಆ್ಯಂಟಿಬಾಡಿ ತಾನಾಗಿ ಇಳಿಯುತ್ತದೆ, ರಕ್ಷಣೆ ಉಳಿದಿರಬಹುದು. ಆಗ ಒಂದು ಡೋಸ್ ಕೊಟ್ಟು, ಒಂದೆರಡು ತಿಂಗಳಿಗೆ ಮತ್ತೆ ನೋಡಬೇಕು. ಆ್ಯಂಟಿಬಾಡಿ ಮೇಲೇಳದಿದ್ದರೆ ಎರಡನೇ ಸುತ್ತಿನ ಉಳಿದೆರಡು ಡೋಸನ್ನೂ ಮುಗಿಸಬೇಕು. ಮೊದಲ ಸುತ್ತಿನಲ್ಲಿ ಹತ್ತದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೇ ಸುತ್ತಿನಲ್ಲಿ ಹತ್ತುತ್ತದೆ. ಆರು ಡೋಸಾದರೂ ಇಲ್ಲವೆಂದರೆ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿ, ಸೋಂಕು ಮೊದಲೇ ಇದೆಯೇ ನೋಡಬೇಕು. ಅದೂ ಇಲ್ಲದಿದ್ದರೆ, ಸೋಂಕಿತರ ಸೂಜಿ ಚುಚ್ಚಿದ ದಿನ ಆಕೆಗೆ ಬೇಕಾದದ್ದು ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಆ್ಯಂಟಿಬಾಡಿಯ ಸೂಜಿ: 24 ಗಂಟೆಯೊಳಗೆ ಒಂದು, ತಿಂಗಳಿಗೆ ಇನ್ನೊಂದು.

ಆ ರಿಪೋರ್ಟನ್ನು ಗುಂಪಿನಿಂದ ತೆಗೆಯಿರಿ, ದಯವಿಟ್ಟು.