ಗುರುವಿಗೇ ತಿರುಮಂತ್ರ ಹಾಕಿದ ರೋಬೋ

ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿಗೆ ವೆಲ್ಡಿಂಗ್ ರೋಬೋ ಬಂದಿದ್ದು ಬುಧವಾರ. ಮಂಗಳವಾರವೇ ಲಾರಿ ಗೊರಗುಂಟೆಪಾಳ್ಯದವರೆಗೆ ಬಂದಿತ್ತು. ಮಂಗಳವಾರ ಬೇಡ ಅಂತ ಓನರ್ ಅದನ್ನು ಒಂದು ರಾತ್ರಿ ರಸ್ತೆ ಬದಿಯಲ್ಲೇ ಮಲಗಿಸಿದರು. "ಇಂಡಸ್ಟ್ರಿ 4.0ಗೆ ಕಾಲಿಡ್ತಿದ್ದೀವಿ, ಹನ್ನೆರಡರ ಒಳಗೆ ಇಳಿಸಿಬಿಡಿ, ಆಮೇಲೆ ರಾಹುಕಾಲ" ಅಂದರು.

ಇಂಡಸ್ಟ್ರಿ 4.0, ಅಂದರೆ ಕಂಪ್ಯೂಟರು, ರೋಬೋಗಳೇ ಫ್ಯಾಕ್ಟರಿ ನಡೆಸೋ ಹೊಸ ಕಾಲ. ಅದು ಸರಿ, ನಮ್ಮ ರಸ್ತೆ ಇನ್ನೂ 0.4ರಲ್ಲೇ ಇದೆ. ತಿರುವಿನಲ್ಲಿ ಜೋತುಬಿದ್ದ ಕೇಬಲ್ಲುಗಳನ್ನು ಕ್ಲೀನರ್ ಹುಡುಗ ಲಾರಿ ಮೇಲೆ ನಿಂತು ಬಿದಿರು ಕೋಲಿನಿಂದ ಎತ್ತಿ ಹಿಡಿದ. ಹೈಡ್ರಾ ಕ್ರೇನ್ ಬಂತು, ಆದರೆ ಶೆಡ್ಡಿನ ಬಾಗಿಲು ತಗ್ಗು, ಒಳಗೆ ಹೋಗಲಿಲ್ಲ. ಕೊನೆಗೆ ಕೆಳಗೆ ಕಬ್ಬಿಣದ ಪೈಪು ಹಾಕಿ, ಎಂಟು ಜನ ಸೇರಿ, "ಐಸಾ... ಐಸಾ" ಅಂತ ಹಾರೆಯಲ್ಲಿ ಮೀಟಿಕೊಂಡು ತಳ್ಳಿದರು. ಮನುಷ್ಯರ ಕೈ ಬೇಡ ಅಂತ ತರಿಸಿದ ಯಂತ್ರ ಒಳಗೆ ಬಂದಿದ್ದು ಹದಿನಾರು ಕೈಗಳಿಂದ.

ಎಲ್ಲರಿಗಿಂತ ಮುಂದೆ ಹಾರೆ ಹಿಡಿದು ನಿಂತಿದ್ದವರು ನಮ್ಮ ವೆಲ್ಡಿಂಗ್ ಮೇಸ್ತ್ರಿ. 22 ವರ್ಷದ ಸರ್ವಿಸ್. "ಹುಷಾರು ಕಣ್ರೋ, ಮಗು ಥರ ಇಳಿಸಿ" ಅಂತ ಅವರೇ ಹೇಳುತ್ತಿದ್ದರು. ಮಗು ಬಂದಿರೋದು ತಮ್ಮ ಜಾಗಕ್ಕೆ ಅಂತ ಪಾಪ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಸ್ಟೋರ್ಸ್ ನೋಡಿಕೊಳ್ಳುವವನು, ಆರ್ಡರ್ ಕಾಗದ ನನ್ನ ಟೇಬಲ್ ಮೇಲೇ ಬಂದಿತ್ತು. ಸುಮ್ನೆ ಇದ್ದೆ.

ಮರುದಿನ ರೋಬೋ ಕಂಪನಿಯ ಎಂಜಿನಿಯರ್ ಲ್ಯಾಪ್‌ಟಾಪ್ ಬಿಚ್ಚಿ ಗುಣಗಾನ ಶುರು ಮಾಡಿದ. ಇದು ರಜೆ ಕೇಳಲ್ಲ, ಟೀಗೆ ಹೋಗಲ್ಲ, ಮೊಬೈಲ್ ನೋಡಲ್ಲ, ದಸರಾ ಬೋನಸ್ ಕೇಳಲ್ಲ, ಯೂನಿಯನ್ ಕಟ್ಟಲ್ಲ. ಕೊನೆಯದು ಕೇಳಿ ಓನರ್ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಜಪಾನಿನಲ್ಲಿ ಫ್ಯಾನುಕ್ ಕಂಪನಿಯ ಫ್ಯಾಕ್ಟರಿಯಲ್ಲಿ ರೋಬೋಗಳೇ ರೋಬೋಗಳನ್ನು ಮಾಡುತ್ತವೆ, ಎಷ್ಟೋ ದಿನ ಮನುಷ್ಯರೇ ಬೇಡ, ಲೈಟೂ ಬೇಡ, ಅದಕ್ಕೆ 'ಲೈಟ್ಸ್ ಔಟ್ ಫ್ಯಾಕ್ಟರಿ' ಅಂತಾರೆ ಅಂದ. ಹಿಂದೆ ನಿಂತಿದ್ದ ಹೆಲ್ಪರ್ ಹುಡುಗ ಪಿಸುಗುಟ್ಟಿದ: "ಅಣ್ಣ, ಕರೆಂಟ್ ಹೋದಾಗಲೆಲ್ಲ ನಾವೂ ಅದನ್ನೇ ತಾನೆ ನಡೆಸೋದು?"

ರೋಬೋಗೆ ಕೆಲಸ ಕಲಿಸಬೇಕಿತ್ತು. ಕೈಯಲ್ಲಿ ಹಿಡಿಯುವ ಒಂದು ಪೆಟ್ಟಿಗೆ ಇರುತ್ತದೆ, ಟೀಚ್ ಪೆಂಡೆಂಟ್ ಅಂತ. ರೋಬೋ ಕೈಯಲ್ಲಿರುವ ಬೆಸುಗೆ ಟಾರ್ಚನ್ನು ಒಂದೊಂದು ಬಿಂದುವಿಗೆ ತಂದು ನಿಲ್ಲಿಸಿ ಅದಕ್ಕೆ ಗುರುತು ಹಾಕಿಸಬೇಕು. ಎಂಜಿನಿಯರ್‌ಗೆ ಪೆಂಡೆಂಟ್ ಗೊತ್ತು, ವೆಲ್ಡಿಂಗ್ ಗೊತ್ತಿಲ್ಲ. ಮೂರು ದಿನ ಮೇಸ್ತ್ರಿ ಪಕ್ಕದಲ್ಲಿ ನಿಂತು ಪಾಠ ಹೇಳಿದರು. "ಇಲ್ಲಿ ಸ್ವಲ್ಪ ವಾಲಿಸಿ ಸಾರ್. ಇಲ್ಲಿ ನಿಧಾನ. ಮೂಲೆಗೆ ಬಂದಾಗ ಒಂದು ಉಸಿರು ನಿಲ್ಲಬೇಕು." ಒಂದು ಉಸಿರು ಅಂದರೆ ಎಷ್ಟು ಸೆಕೆಂಡು ಅಂತ ಎಂಜಿನಿಯರ್ ಕೇಳಿದ. ಮೇಸ್ತ್ರಿ ಉಸಿರು ಎಳೆದು ತೋರಿಸಿದರು.

ನಾಲ್ಕನೇ ದಿನ ಮೇಸ್ತ್ರಿಗೆ ಸನ್ಮಾನ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೋ. ಆಮೇಲೆ ಲೆಕ್ಕ ಚುಕ್ತಾ. 22 ವರ್ಷವೂ ಕಾಂಟ್ರ್ಯಾಕ್ಟ್ ಲೆಕ್ಕದಲ್ಲೇ ಇದ್ದಿದ್ದರಿಂದ ಲೆಕ್ಕ ಬೇಗ ಮುಗಿಯಿತು. ಹಿಂದಿನ ಯುಗಾದಿಗೆ ಅವರು 2,000 ರೂಪಾಯಿ ಜಾಸ್ತಿ ಕೇಳಿದಾಗ ಓನರ್ "ಮಾರ್ಕೆಟ್ ಡಲ್ಲು" ಅಂದಿದ್ದರು. ಈಗ ರೋಬೋದ ಕಂಟ್ರೋಲ್ ಪ್ಯಾನಲ್ಲಿಗೆ ಎಸಿ ಹಾಕಿದ್ದಾರೆ. ಸ್ಟೆಬಿಲೈಸರ್, ಇನ್ಶೂರೆನ್ಸ್, ವರ್ಷಕ್ಕೊಂದು ಮೆಂಟೆನೆನ್ಸ್ ಕಾಂಟ್ರ್ಯಾಕ್ಟ್ ಬೇರೆ. ಮೇಸ್ತ್ರಿಯ ತಲೆ ಮೇಲಿದ್ದ ಫ್ಯಾನು ಮೂರು ವರ್ಷದಿಂದ ಕಟಕಟ ಅನ್ನುತ್ತಿತ್ತು. ಅದರ ಕೆಪಾಸಿಟರ್‌ಗೆ ನಾನು ಹಾಕಿದ ಇಂಡೆಂಟ್ ಇನ್ನೂ ಸಹಿ ಆಗಿಲ್ಲ.

ಹಾಗಂತ ರೋಬೋ ಕೆಟ್ಟದ್ದು ಅಂತಲ್ಲ. 1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಫ್ಯಾಕ್ಟರಿಯಲ್ಲಿ ಮೊದಲ ರೋಬೋ ಕೆಲಸಕ್ಕೆ ನಿಂತಾಗ ಅದಕ್ಕೆ ಕೊಟ್ಟಿದ್ದು ಅಚ್ಚಿನಿಂದ ಬಂದ ಕಾದ ಲೋಹದ ತುಂಡು ಎತ್ತುವ ಕೆಲಸ. ಯಾರ ಕೈಯೂ ಸುಡಬಾರದು ಅಲ್ವಾ? ಅದೇ ವರ್ಷ ನಮ್ಮ ಜಾಲಹಳ್ಳಿಯಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಶುರುವಾಯಿತು, ಅಲ್ಲಿ ಸಾಸಿವೆ ಕಾಳಿನಷ್ಟು ಸ್ಕ್ರೂಗಳನ್ನು ಕೂರಿಸುತ್ತಿದ್ದದ್ದು ಮನುಷ್ಯರ ಬೆರಳು. ಯಾವುದನ್ನು ಯಾರಿಗೆ ಕೊಡಬೇಕು ಅನ್ನೋ ಅಂದಾಜು ಆಗಿನವರಿಗೆ ಇತ್ತು. ಮೇಸ್ತ್ರಿಯೂ ಅದನ್ನೇ ಹೇಳುತ್ತಿದ್ದರು. ಕಣ್ಣಿಗೆ ಆರ್ಕ್, ಅಂದರೆ ವೆಲ್ಡಿಂಗ್ ಬೆಳಕು, ಹೊಡೆದು ರಾತ್ರಿಯೆಲ್ಲ ಆಲೂಗಡ್ಡೆ ಹೋಳು ಇಟ್ಟುಕೊಂಡು ಮಲಗಿದವರು ಅವರು. "ಸಾವಿರಗಟ್ಟಲೆ ಒಂದೇ ಥರದ ಪೀಸ್ ಬಂದರೆ ಅದಕ್ಕೇ ಕೊಡಿ ಸಾರ್, ನನಗೂ ಸೊಂಟ ಉಳಿಯುತ್ತೆ."

ನಮಗೆ ಸಾವಿರಗಟ್ಟಲೆ ಎಲ್ಲಿ ಬರುತ್ತೆ? ಜನರೇಟರ್ ಕೆಳಗೆ ಇಡುವ ಫ್ರೇಮು, ಈ ವಾರ ನಲವತ್ತು, ಮುಂದಿನ ವಾರ ಬೇರೆ ಅಳತೆಯದ್ದು ಇಪ್ಪತ್ತೈದು. ಶೀಟು ಕತ್ತರಿಸಿಕೊಡುವವನು ಪಕ್ಕದ ಗಲ್ಲಿಯವನು. ಅವನ ಒಂದು ಮಿಲಿಮೀಟರ್ ಬೆಳಿಗ್ಗೆ ಒಂದು ಥರ, ಊಟ ಆದ ಮೇಲೆ ಇನ್ನೊಂದು ಥರ. ಎರಡು ಪ್ಲೇಟ್ ಮಧ್ಯೆ ಸಂದು ಜಾಸ್ತಿ ಇದ್ದರೆ ಮೇಸ್ತ್ರಿ ಕೈ ತಾನಾಗೇ ಅತ್ತಿತ್ತ ಆಡುತ್ತಿತ್ತು, ಸಂದು ತುಂಬುತ್ತಿತ್ತು. ಅವರು ಕಣ್ಣಿಗಿಂತ ಕಿವಿಯಲ್ಲಿ ಜಾಸ್ತಿ ವೆಲ್ಡ್ ಮಾಡುತ್ತಿದ್ದರು. ಸದ್ದು ಒಗ್ಗರಣೆ ಸಿಡಿದ ಹಾಗೆ ಒಂದೇ ಸಮ ಬರಬೇಕು. ಸ್ವಲ್ಪ ಪಟ್ ಪಟ್ ಅಂದರೂ ಕರಗಿ ಬೆಸುಗೆಯಾಗುವ ವೈರಿನ ಸ್ಪೀಡ್ ತಿರುಗಿಸುತ್ತಿದ್ದರು.

ರೋಬೋಗೆ ಕಿವಿ ಇಲ್ಲ. ನಾವು ತಂದದ್ದಕ್ಕೆ ಕಣ್ಣೂ ಇಲ್ಲ. ಕ್ಯಾಮೆರಾ ಬೇಕಾದರೆ ಬೇರೆ ದುಡ್ಡು ಅಂದಾಗ ಓನರ್ "ಆಮೇಲೆ ನೋಡೋಣ" ಅಂದಿದ್ದರು. ಮೊದಲ ದಿನ ಹೇಳಿಕೊಟ್ಟ ಜಾಗಕ್ಕೇ ಅದು ಕೂದಲೆಳೆ ತಪ್ಪದೆ ಹೋಗುತ್ತದೆ. ಪ್ಲೇಟು ಅಲ್ಲಿದ್ದರೆ ಪ್ಲೇಟಿಗೆ, ಇಲ್ಲದಿದ್ದರೆ ಗಾಳಿಗೆ ಬೆಸುಗೆ. ಮೊದಲ ಲಾಟಿನ ನಲವತ್ತರಲ್ಲಿ ಹದಿನೇಳು ಫ್ರೇಮ್ ವಾಪಸ್ ಬಂದವು. ಹದಿನೇಳರಲ್ಲೂ ತೂತು ಒಂದೇ ಜಾಗದಲ್ಲಿ, ಒಂದೇ ಅಳತೆಯದ್ದು. ತಪ್ಪಿನಲ್ಲೂ ಅಂಥ ಶಿಸ್ತನ್ನು ನಾನು ಯಾವ ಹುಡುಗನಲ್ಲೂ ನೋಡಿಲ್ಲ.

ದೊಡ್ಡವರೂ ಇದರಲ್ಲಿ ಬಿದ್ದಿದ್ದಾರೆ. ಟೆಸ್ಲಾದಲ್ಲಿ ಬ್ಯಾಟರಿ ಮೇಲೆ ಗಾಜಿನ ನಾರಿನ ಹಾಸು ಇಡೋಕೆ ಒಂದು ರೋಬೋ ಇಟ್ಟಿದ್ದರು. ಅದು ಹಾಸನ್ನು ಎತ್ತದು, ಎತ್ತಿದರೆ ಎಲ್ಲೆಲ್ಲೋ ಇಟ್ಟುಬಿಡೋದು. 2018ರ ಏಪ್ರಿಲ್‌ನಲ್ಲಿ ಇಲಾನ್ ಮಸ್ಕ್ ಅತಿಯಾದ ಆಟೊಮೇಷನ್ ನನ್ನದೇ ತಪ್ಪು ಅಂತ ಟ್ವೀಟ್ ಮಾಡಿ ಒಪ್ಪಿಕೊಂಡರು. ನಮ್ಮ ಓನರ್ ಟ್ವಿಟರ್‌ನಲ್ಲಿ ಇಲ್ಲ.

ಟೊಯೊಟಾದವರು ಜಪಾನಿನಲ್ಲಿ ಕೆಲವು ಕಡೆ ಯಂತ್ರ ತೆಗೆದು ಮತ್ತೆ ಮನುಷ್ಯರನ್ನು ನಿಲ್ಲಿಸಿದ ಸುದ್ದಿ 2014ರಲ್ಲೇ ಬಂದಿತ್ತು. ಕಾದ ಕಬ್ಬಿಣವನ್ನು ಸುತ್ತಿಗೆಯಲ್ಲಿ ಬಡಿದು ಕ್ರ್ಯಾಂಕ್‌ಶಾಫ್ಟ್ ಮಾಡೋದನ್ನು ಹುಡುಗರಿಗೆ ಕಲಿಸಿದರು. ಕೈಗೇ ಗೊತ್ತಿಲ್ಲದ್ದನ್ನು ಯಂತ್ರಕ್ಕೆ ಹೇಳಿಕೊಡುವವರು ಯಾರು ಅನ್ನೋದು ಅವರ ಲೆಕ್ಕ. ಅದೇ ಟೊಯೊಟಾ ಬಿಡದಿಯಲ್ಲಿ 2007ರಿಂದ ಹಳ್ಳಿ ಹುಡುಗರಿಗೆ ಕೈಕೆಲಸ ಕಲಿಸುವ ಶಾಲೆ ನಡೆಸುತ್ತಿದೆ. ರೋಬೋ ಕೊಳ್ಳೋ ಮುಂಚೆ ನಮ್ಮ ಓನರ್ ಎಕ್ಸಿಬಿಷನ್ ನೋಡೋಕೆ ಜಪಾನಿಗೆ ಹೋಗಿ ಬಂದರು. ಬಿಡದಿಗೆ ಹೋಗಲಿಲ್ಲ, ಟ್ರಾಫಿಕ್ ಜಾಸ್ತಿ ಅಂತ.

ಇಷ್ಟರಲ್ಲಿ ಆಯುಧಪೂಜೆ ಬಂತು. ರೋಬೋಗೆ ವಿಭೂತಿ, ಕುಂಕುಮ, ಎರಡು ಮೊಳದ ಚೆಂಡುಹೂವಿನ ಹಾರ. ಬೂದುಗುಂಬಳಕಾಯಿ ಒಡೆದು, ಓನರ್ ಹಸಿರು ಬಟನ್ ಒತ್ತಿದರು. ಕೈ ಅರ್ಧ ಎದ್ದು ನಿಂತುಬಿಟ್ಟಿತು. ಮತ್ತೆ ಒತ್ತಿದರು, ಮತ್ತೆ ಅರ್ಧ. ಕೆಂಪು ದೀಪ. ಪುಣೆಯಲ್ಲಿದ್ದ ಎಂಜಿನಿಯರ್‌ಗೆ ವಿಡಿಯೊ ಕಾಲ್. ಅವನು ಎರರ್ ನಂಬರ್ ಕೇಳಿದ, ಮ್ಯಾನ್ಯುವಲ್ ತಿರುವಿದ, ವಿಮಾನದ ಟಿಕೆಟ್ ಬುಕ್ ಮಾಡಲಾ ಅಂದ. ಕಸ ಗುಡಿಸುವ ಅಕ್ಕ ಪೊರಕೆ ಹಿಡಿದು ಐದು ನಿಮಿಷ ನೋಡಿದರು. "ಆ ಹಾರ ತೆಗೀರಿ ಸಾರ್, ಅದಕ್ಕೆ ಕಚಗುಳಿ ಆಗ್ತಿದೆ."

ನಿಜ. ಯಾರಾದರೂ ಹತ್ತಿರ ಹೋದರೆ ಯಂತ್ರ ನಿಲ್ಲಲಿ ಅಂತ ಮುಂದೆ ಕಣ್ಣಿಗೆ ಕಾಣದ ಬೆಳಕಿನ ಪರದೆ ಇಟ್ಟಿರುತ್ತಾರೆ. ಕೈ ಎದ್ದಾಗಲೆಲ್ಲ ಹಾರ ತೂಗಿ ಆ ಪರದೆ ಮುಟ್ಟುತ್ತಿತ್ತು. ಹಾರ ತೆಗೆದರು, ಕೈ ಎದ್ದಿತು. ಅಕ್ಕನಿಗೆ ಎರಡು ಸ್ವೀಟ್ ಬಾಕ್ಸ್ ಸಿಕ್ಕಿತು. ಎಂಜಿನಿಯರ್‌ಗೆ ಸರ್ವಿಸ್ ಚಾರ್ಜ್ ಹೋಯಿತು, ವೋಚರ್ ನಾನೇ ಬರೆದೆ.

ರೋಬೋ ಅನ್ನೋ ಪದ ಹುಟ್ಟಿದ್ದು ಚೆಕ್ ಭಾಷೆಯಲ್ಲಿ. ಅಲ್ಲಿ 'ರೊಬೊಟಾ' ಅಂದರೆ ಧಣಿಗೆ ಮಾಡುವ ಬಿಟ್ಟಿ ಚಾಕರಿ. ನಮ್ಮ ಶೆಡ್ಡಿನಲ್ಲಿ ಬಿಟ್ಟಿ ಚಾಕರಿ ಈಗ ಮೇಸ್ತ್ರಿಯದ್ದು. ಎರಡನೇ ಲಾಟಿಗೆ ಮುಂಚೆ ಓನರ್ ಫೋನ್ ಮಾಡಿದರು: "ಮೇಸ್ತ್ರಿ, ಈ ಕಡೆ ಬಂದಾಗ ಸುಮ್ನೆ ಒಂದು ಕಣ್ಣು ಹಾಯಿಸಿ ಹೋಗಿ." ಈ ಕಡೆ ಬರೋಕೆ ಮೇಸ್ತ್ರಿಗೆ ಬೇರೆ ಕೆಲಸ ಏನಿದೆ? ಆದರೂ ಬಂದರು. ಗೇಟಿನಲ್ಲಿ ಹೊಸ ಸೆಕ್ಯೂರಿಟಿ ಹುಡುಗ ತಡೆದು ವಿಸಿಟರ್ ರಿಜಿಸ್ಟರ್ ಕೊಟ್ಟ. ಸಂಜೆ ಆ ಪುಟ ನನ್ನ ಟೇಬಲ್ಲಿಗೆ ಬಂತು. 'ಯಾರನ್ನು ನೋಡಬೇಕು' ಅನ್ನೋ ಕಡೆ ಮೇಸ್ತ್ರಿ ದುಂಡಗೆ ಬರೆದಿದ್ದರು: ರೋಬೋ. 'ಸಂಬಂಧ' ಅನ್ನೋ ಕಡೆ: ಶಿಷ್ಯ.