ಮದುವೆ ಫೋಟೋ ನೋಡೋಕೆ ಪರ್ಮಿಷನ್

ತುಮಕೂರಿನ ನಮ್ಮ ಭಾವ ಯಾವುದನ್ನೂ ಎಸೆಯುವವರಲ್ಲ. ಹಳೇ ಕರೆಂಟ್ ಬಿಲ್, ಮಗನ ಎಲ್‌ಕೆಜಿ ಮಾರ್ಕ್ಸ್ ಕಾರ್ಡ್, ಮದುವೆ ಆಲ್ಬಮ್, ಎಲ್ಲವನ್ನೂ ಸ್ಕ್ಯಾನ್ ಮಾಡಿದ್ದಾರೆ. ಅದನ್ನೆಲ್ಲ ತುಂಬಿಡಲು ಒಂದು ನ್ಯಾಸ್ ಪೆಟ್ಟಿಗೆ (ಮನೆ ನೆಟ್‌ವರ್ಕಿಗೆ ಸೇರಿಸಿ ಎಲ್ಲರೂ ಹಂಚಿಕೊಳ್ಳುವ ಫೈಲುಗಳ ಕಪಾಟು) ತಂದು ಟಿವಿ ಪಕ್ಕ ಇಟ್ಟಿದ್ದಾರೆ. ಒಳಗೆ ಎರಡು ಹಾರ್ಡ್ ಡಿಸ್ಕ್. ಒಂದು ಕೆಟ್ಟರೂ ಇನ್ನೊಂದರಲ್ಲಿ ಎಲ್ಲ ಇರುತ್ತದೆ. ಮನೆ ವೈಫೈನಲ್ಲಿ ಯಾರು ಬೇಕಾದರೂ ನೋಡಬಹುದು ಅನ್ನುವುದು ಭಾವನ ಆಸೆ. ಯಾರೂ ನೋಡಬಾರದು ಅನ್ನುವುದು ಪೆಟ್ಟಿಗೆಯ ಹಟ.

ಅಕ್ಕನ ಫೋನ್ ಬಂತು. "ಲೋ, ನನ್ನ ಮದುವೆ ಫೋಟೋ ನೋಡೋಕೆ ನಂಗೇ ಪರ್ಮಿಷನ್ ಇಲ್ವಂತೆ! ನಿಮ್ಮ ಭಾವ ಏನೋ ಮಾಡಿಟ್ಟಿದ್ದಾರೆ, ಬಂದು ನೋಡು."

ಭಾವ ಬ್ಯಾಂಕಿನಲ್ಲಿ ಇದ್ದವರು. ಯಾವ ಲೆಡ್ಜರ್ ಯಾರು ಮುಟ್ಟಬೇಕು ಅನ್ನುವ ಲೆಕ್ಕಾಚಾರ ನಿವೃತ್ತಿ ಆದಮೇಲೂ ಬಿಟ್ಟಿಲ್ಲ. 'ದೊಡ್ಡವರು', 'ಮಕ್ಕಳು' ಅಂತ ಎರಡು ಗ್ರೂಪ್ ಮಾಡಿದ್ದರು. ದೊಡ್ಡವರು ಫೋಟೋ ನೋಡಬಹುದು, ತಿದ್ದಬಹುದು. ಮಕ್ಕಳಿಗೆ ಡಿನೈ, ಅಂದರೆ ಒಳಗೆ ಬರುವಂತಿಲ್ಲ. ಮಗ ಒಮ್ಮೆ ಅಲ್ಲಿ ಸಿನಿಮಾ ತುಂಬಿಸಿದ್ದನಂತೆ, ಆ ಸಿಟ್ಟು. ಅಕ್ಕ ದೊಡ್ಡವರಲ್ಲೇ ಇದ್ದಳು. ಆದರೆ ಮಗನ ಕಾಲೇಜು ಫೋಲ್ಡರ್ ಮೇಲೆ ಕಣ್ಣಿಡಲಿ ಅಂತ ಅವಳನ್ನು ಮಕ್ಕಳ ಗ್ರೂಪಿಗೂ ಸೇರಿಸಿಬಿಟ್ಟಿದ್ದರು.

ಇಲ್ಲೇ ಇರೋದು ತಮಾಷೆ. ಡಿನೈ ಮುಂದೆ ಅಲೋ (ಒಳಗೆ ಬಿಡು) ಆಟ ನಡೆಯುವುದಿಲ್ಲ. ಹತ್ತು ಗ್ರೂಪಿನಲ್ಲಿ ಹೂಂ ಅಂದಿದ್ದರೂ ಒಂದರಲ್ಲಿ ಊಹೂಂ ಅಂದಿದ್ದರೆ, ಊಹೂಂ. ಮಕ್ಕಳನ್ನು ದೂರ ಇಡಲು ಡಿನೈ ಬೇಕಾಗಿಯೇ ಇರಲಿಲ್ಲ. ಅವರಿಗೆ ಏನೂ ಕೊಡದೆ ಸುಮ್ನೆ ಇದ್ದಿದ್ದರೆ ಸಾಕಿತ್ತು.

"ಅಂದ್ರೆ ನಾನು ಮಕ್ಕಳ ಲೆಕ್ಕ?" ಅಂದಳು ಅಕ್ಕ. ಭಾವ ಪೇಪರ್ ಎತ್ತಿಕೊಂಡರು.

ಅವಳನ್ನು ಮಕ್ಕಳ ಗ್ರೂಪಿನಿಂದ ತೆಗೆದೆ. ಆದರೂ ಫೋಲ್ಡರ್ ತೆರೆಯಲಿಲ್ಲ. ಯಾಕೆಂದರೆ ಅವಳು ಬಳಸುತ್ತಿದ್ದ ಲ್ಯಾಪ್‌ಟಾಪ್ ಅವಳನ್ನು ಅಕ್ಕ ಅಂತ ಪೆಟ್ಟಿಗೆಗೆ ಪರಿಚಯ ಮಾಡುತ್ತಲೇ ಇರಲಿಲ್ಲ. ಹಿಂದೆ ಮಗ ತನ್ನ ಹೆಸರಲ್ಲಿ ಲಾಗಿನ್ ಆಗಿ, 'ನೆನಪಿಟ್ಟುಕೋ' ಅನ್ನುವುದಕ್ಕೆ ಟಿಕ್ ಹಾಕಿದ್ದ. ವಿಂಡೋಸ್ ನೆನಪಿಟ್ಟುಕೊಂಡಿತ್ತು. ಅಕ್ಕನ ಹೆಸರು, ಪಾಸ್‌ವರ್ಡ್ ಕೊಟ್ಟರೆ, ಒಂದೇ ಸರ್ವರ್‌ಗೆ (ಇಲ್ಲಿ ನಮ್ಮ ಪೆಟ್ಟಿಗೆಗೆ) ಏಕಕಾಲಕ್ಕೆ ಎರಡು ಹೆಸರಲ್ಲಿ ಹೋಗುವಂತಿಲ್ಲ ಅಂತ 1219 ನಂಬರಿನ ಎರರ್ ತೋರಿಸಿತು. ವಿಂಡೋಸ್ ಪಾಸ್‌ವರ್ಡ್‌ಗಳನ್ನು ಕೂಡಿಡುವ ಕ್ರೆಡೆನ್ಷಿಯಲ್ ಮ್ಯಾನೇಜರ್‌ಗೆ ಹೋಗಿ ಮಗನ ಹೆಸರು ಅಳಿಸಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದೆ.

ಮದುವೆ ಫೋಲ್ಡರ್ ತೆರೆಯಿತು. ಧಾರೆ ಬಂತು, ಸಪ್ತಪದಿ ಬಂತು. 'ರಿಸೆಪ್ಷನ್' ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಇಂಜಿನಿಯರಿಂಗ್ ಓದುವ ಅಳಿಯ ರೂಮಿನಿಂದ ಬಂದ. "ಮಾಮ, ಸುಮ್ನೆ 777 ಹೊಡೀರಿ, ಎಲ್ಲಾ ಓಪನ್ ಆಗುತ್ತೆ." ಪೆಟ್ಟಿಗೆಯೊಳಗೆ ಓಡುವ ಲಿನಕ್ಸ್‌ನಲ್ಲಿ ಪರ್ಮಿಷನ್‌ಗೆ ಅಂಕಿಗಳಿವೆ: ಓದಲು 4, ಬರೆಯಲು 2, ಫೋಲ್ಡರ್ ಒಳಗೆ ಕಾಲಿಡಲು 1. ಕೂಡಿದರೆ 7. ಯಜಮಾನನಿಗೊಂದು, ಗ್ರೂಪಿಗೊಂದು, ಊರಿನವರಿಗೊಂದು ಅಂತ ಮೂರು ಏಳು. ಆಗುತ್ತೆ, ಸುಳ್ಳಲ್ಲ. ಅಪಾರ್ಟ್‌ಮೆಂಟಿನ ಗೇಟು, ಮನೆ ಬಾಗಿಲು, ಬೀರು ಮೂರಕ್ಕೂ ಬೀಗ ತೆಗೆದಿಟ್ಟರೆ ಕೀ ಹುಡುಕುವ ಕೆಲಸವೇ ಇಲ್ಲ, ಅಲ್ವಾ? ಇದನ್ನು ರಿಪೇರಿ ಅಂತ ಕರೆಯುವವರ ಮೇಲೆ ನನಗೆ ಕೋಪವಿದೆ. ಅದರಲ್ಲೂ ಸಿನಿಮಾ ತುಂಬಿಸಲು ಜಾಗ ಹುಡುಕುತ್ತಿರುವ ಹುಡುಗ ಹೇಳಿದರೆ.

ನಿಜವಾದ ಕಾರಣ ಬೇರೆ ಇತ್ತು. ಭಾವ ರಿಸೆಪ್ಷನ್ ಫೋಟೋಗಳನ್ನು ಮೊದಲು ತಮ್ಮ ಖಾಸಗಿ ಫೋಲ್ಡರಿನಲ್ಲಿ ಇಟ್ಟಿದ್ದರು. ಆಮೇಲೆ ಅದೇ ಶೇರ್‌ನೊಳಗೆ (ಪೆಟ್ಟಿಗೆಯಲ್ಲಿ ಹಂಚಿಕೊಂಡ ಜಾಗ) ಕಟ್ ಮಾಡಿ ಇಲ್ಲಿ ಪೇಸ್ಟ್ ಮಾಡಿದ್ದರು. ಹೀಗೆ ಜಾಗ ಬದಲಿಸಿದ ಫೋಲ್ಡರ್ ಸಾಮಾನ್ಯವಾಗಿ ತನ್ನ ಹಳೇ ಪರ್ಮಿಷನ್ ಕಟ್ಟಿಕೊಂಡೇ ಬರುತ್ತದೆ. ಕಾಪಿ ಮಾಡಿದ್ದರೆ ಹೊಸ ಜಾಗದ ನಿಯಮ ಹಿಡಿಯುತ್ತಿತ್ತು. ಮೇಲಿನ ಫೋಲ್ಡರಿನ ಪರ್ಮಿಷನ್ ಒಳಗಿನ ಎಲ್ಲದಕ್ಕೂ ಅನ್ವಯಿಸು ಅಂತ ಹೇಳಿ, ಅಕ್ಕ ಕೊಟ್ಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅದೂ ಮುಗಿಯಿತು.

"ಇನ್ನೊಮ್ಮೆ ಹೇಳಪ್ಪ, ಕಟ್ ಮಾಡಿದ್ರೆ ಹಳೇದು, ಕಾಪಿ ಮಾಡಿದ್ರೆ ಹೊಸದು?" ಅಂತ ಭಾವ ಡೈರಿಯಲ್ಲಿ ಬರೆದುಕೊಂಡರು. ಆ ಡೈರಿಯನ್ನೂ ಸ್ಕ್ಯಾನ್ ಮಾಡುತ್ತಾರೆ, ಗ್ಯಾರಂಟಿ.

ಅಕ್ಕ ರಿಸೆಪ್ಷನ್ ತೆರೆದಳು. ಸೋಡಾಬುಡ್ಡಿ ಕನ್ನಡಕ, ಬಿಳಿ ಸಫಾರಿ ಸೂಟಿನಲ್ಲಿ ಭಾವ ಇದ್ದರು. ಪಕ್ಕದಲ್ಲಿ ಅಕ್ಕ, ಕಣ್ಣು ಮುಚ್ಚಿಕೊಂಡು, ಬಾಯಿ ತೆರೆದುಕೊಂಡು. ಒಂದು ಕ್ಷಣ ನೋಡಿ ಡಿಲೀಟ್ ಒತ್ತಿದಳು. ಈಗ ಅವಳಿಗೆ ಪೂರ್ತಿ ಪರ್ಮಿಷನ್ ಇದೆಯಲ್ಲ, ಫೋಟೋ ಹೋಯಿತು.

ಬಸ್ ಸ್ಟ್ಯಾಂಡಿಗೆ ಬಿಡುವಾಗ ಭಾವ ಸ್ಕೂಟರ್ ನಿಧಾನ ಮಾಡಿ ಕೇಳಿದರು. "ಆ ಪೆಟ್ಟಿಗೇಲಿ ರೀಸೈಕಲ್ ಬಿನ್ ಅಂತ ಇದೆಯಂತಲ್ಲ. ಅದನ್ನ ಅಡ್ಮಿನ್ ಒಬ್ಬನೇ ನೋಡೋ ಹಾಗೆ ಮಾಡಬಹುದಾ?"

ಬಸ್ ಹತ್ತುವ ಮೊದಲು ಅವರ ಫೋನಿನಲ್ಲೇ ಮಾಡಿಕೊಟ್ಟೆ.