ತೊಟ್ಟಿ ಮುಚ್ಚಬೇಡಿ, ಮಿಕ್ಕಿದ್ದು ಆಮೇಲೆ ನೋಡೋಣ

ಹೋದ ವಾರ ಮದ್ದೂರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಹಳೇ ತೊಟ್ಟಿ ಮನೆ ರಿಪೇರಿಗೆ ಕೈ ಹಾಕಿದ್ದಾನೆ. ತೊಟ್ಟಿ ಅಂದರೆ ಮನೆ ನಡುವೆ ಆಕಾಶಕ್ಕೆ ತೆರೆದ ಅಂಗಳ, ಅದರ ಸುತ್ತ ಕಂಬದ ಹಜಾರ. "ಅಣ್ಣ, ಮೊದಲು ತೊಟ್ಟಿ ಮೇಲೆ ಶೀಟ್ ಹೊದಿಸಿಬಿಡ್ತೀನಿ, ಹಜಾರಕ್ಕೆ ಪಿಒಪಿ ಸೀಲಿಂಗ್ ಮಾಡಿಸ್ತೀನಿ, ಆಮೇಲೆ ಇಂಟೀರಿಯರ್‌ನವರು ಬರ್ತಾರೆ" ಅಂದ. ಫೋನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು. ಮಂಡ್ಯ ಕಡೆ ಅವನ ಹಾಗೆ ಮನೆ ಬಿಚ್ಚಿ ಕೂತಿರುವವರು ಇನ್ನೂ ಇದ್ದಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವೂ ಅದೇ ತಪ್ಪು ಮಾಡಿದ್ದೆವು. ಪಾಂಡವಪುರದ ಹತ್ತಿರ ನಮ್ಮೂರು. ಕೋತಿ ಕಾಟ, ಮಳೆ ಎರಚಲು ಅಂತ 15 ವರ್ಷದ ಹಿಂದೆ ತೊಟ್ಟಿಗೆ ಫೈಬರ್ ಶೀಟ್ ಹಾಕಿಸಿದೆವು. ಎರಡೇ ವರ್ಷಕ್ಕೆ ಅದರ ಮೇಲೆ ಧೂಳು, ಪಾಚಿ ಕೂತು ಕಪ್ಪಾಯಿತು. ಹಾಡುಹಗಲಲ್ಲಿ ನಡುಮನೆಗೆ ಟ್ಯೂಬ್‌ಲೈಟ್ ಬೇಕಾಯಿತು. ಮಾರ್ಚ್ ಬಂದರೆ ಒಳಗೆ ಕೂರೋಕೆ ಆಗುತ್ತಿರಲಿಲ್ಲ. ತೊಟ್ಟಿ ಇರುವುದು ಬೆಳಕಿಗೆ ಮಾತ್ರ ಅಲ್ಲವಲ್ಲ. ಮನೆಯೊಳಗಿನ ಬಿಸಿ ಗಾಳಿ ಮೇಲೆದ್ದು ಅಲ್ಲಿಂದಲೇ ಆಚೆ ಹೋಗುತ್ತದೆ. ಆ ಜಾಗಕ್ಕೆ ಬಾಗಿಲು, ಕಿಟಕಿಯಿಂದ ಹೊಸ ಗಾಳಿ ನುಗ್ಗುತ್ತದೆ. ಮುಚ್ಚಳ ಹಾಕಿದ ಮೇಲೆ ಅದು ಹೋಗೋದೆಲ್ಲಿಗೆ?

ಎರಡು ವರ್ಷದ ಹಿಂದೆ ಪೂರ್ತಿ ರಿಪೇರಿಗೆ ಇಳಿದಾಗ ಅಕ್ಕನ ಮಗಳನ್ನು ಕರೆಸಿದೆ. ಮೈಸೂರಿನಲ್ಲಿ ಇಂಟೀರಿಯರ್ ಡಿಸೈನ್ ಓದಿದವಳು. ಮೊದಲ ದಿನ ಅವಳು ಬಣ್ಣದ ಕಾರ್ಡ್ ತೆಗೆಯಲಿಲ್ಲ. ಶೀಟ್ ಬಿಚ್ಚಿಸಿ, ಒಂದು ಸೀಮೆಸುಣ್ಣ ಹಿಡಿದು ಕೂತಳು. ಬೆಳಗ್ಗೆ ಎಂಟಕ್ಕೆ, ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಬಿಸಿಲು ಎಲ್ಲೆಲ್ಲಿ ಬೀಳುತ್ತದೋ ಅಲ್ಲೆಲ್ಲ ನೆಲದ ಮೇಲೆ ಗೆರೆ ಎಳೆದಳು. "ಮಾವ, ಒಳಗೆ ಬಂದೋರ ಕಣ್ಣು ಮೊದಲು ತೊಟ್ಟಿಗೇ ಹೋಗುತ್ತೆ. ಅದಕ್ಕೆ ಪೈಪೋಟಿ ಕೊಡೋ ಸಾಮಾನು ಹಜಾರದಲ್ಲಿ ಏನೂ ಬೇಡ" ಅಂದಳು. ಹೀಗೆ ಕಣ್ಣು ಮೊದಲು ಹೋಗಿ ನಿಲ್ಲುವ ಜಾಗಕ್ಕೆ ಡಿಸೈನ್ ಓದಿದವರು ಫೋಕಲ್ ಪಾಯಿಂಟ್ ಅನ್ನುತ್ತಾರಂತೆ. ಫ್ಲ್ಯಾಟಿನಲ್ಲಿ ಅದನ್ನು ದುಡ್ಡು ಕೊಟ್ಟು ಮಾಡಿಸಬೇಕು. ನಮಗೆ ಅಜ್ಜನ ಕಾಲದಲ್ಲೇ ಮಾಡಿಟ್ಟಿದ್ದಾರೆ. ಟಿವಿ ಒಳಗಿನ ಕೋಣೆಗೆ ಹೋಯಿತು.

ಅವಳು ತೋರಿಸಿದ ಇನ್ನೊಂದು ವಿಷಯ ನಾನು 40 ವರ್ಷ ಆ ಮನೆಯಲ್ಲಿದ್ದೂ ಗಮನಿಸಿರಲಿಲ್ಲ. ಹೆಂಚಿನ ಸೂರು ತೊಟ್ಟಿ ಕಡೆಗೆ ಇಳಿಜಾರಾಗಿ ಬರುತ್ತದೆ, ಅಲ್ವಾ? ಚಾಪೆ ಮೇಲೆ ಕೂತರೆ ಸೂರಿನ ಕೆಳಗಿಂದ ಆಕಾಶ ಕಾಣುತ್ತದೆ. ಎತ್ತರದ ಸೋಫಾ ಮೇಲೆ ಕೂತರೆ ಕಣ್ಣಿಗೆ ಸಿಗುವುದು ಸೂರಿನ ಅಂಚು. ನೆಲದ ಮೇಲೆ ಕೂರುವವರಿಗೆ ಅಂತ ಕಟ್ಟಿದ ಮನೆ ಅದು. ಎಲ್ಲ ಅಳತೆಯೂ ಅದಕ್ಕೆ ತಕ್ಕಂತೆ ಇದೆ. ಎಂಟಡಿ ಅಗಲದ ಹಜಾರಕ್ಕೆ ಏಳು ಜನರ ಸೋಫಾ ಸೆಟ್ ತಂದರೆ ಕಂಬಗಳು ಮರೆಯಾಗಿ ಮನೆ ಗೋಡೌನ್ ಥರ ಆಗುತ್ತದೆ. ನಾವು ತಗ್ಗಿನ ಎರಡು ದಿವಾನ್ ಮಾಡಿಸಿದೆವು, ಅಷ್ಟೇ. ಮಿಕ್ಕ ಜಾಗ ಖಾಲಿ ಬಿಟ್ಟೆವು. ಖಾಲಿ ಜಾಗ ನೋಡಿದರೆ ತುಂಬಿಸಬೇಕು ಅನ್ನಿಸುವುದು ಸಹಜ. ದಯವಿಟ್ಟು ತುಂಬಿಸಬೇಡಿ.

ಗೋಡೆ ವಿಷಯಕ್ಕೆ ಬರುತ್ತೇನೆ. ನಮ್ಮದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಮೇಲೆ ಯಾವಾಗಲೋ ಸಿಮೆಂಟ್ ಗಾರೆ ಮಾಡಿಸಿದ್ದರು. ಮೇಸ್ತ್ರಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಡಬಡಬ ಅಂತ ಪೊಳ್ಳು ಸದ್ದು. ಉಳಿ ಕೊಟ್ಟು ಎಬ್ಬಿಸಿದರೆ ಕಾವಲಿ ಬಿಟ್ಟ ದೋಸೆ ಹಾಗೆ ಅಗಲಗಲ ಎದ್ದು ಬಂತು. ಹಿಂದೆ ಮಣ್ಣು ಒದ್ದೆ, ಅದರ ಮೇಲೆ ಬೆಳ್ಳಗೆ ಉಪ್ಪಿನ ಪುಡಿ. "ಉಸ್ರಾಡಕ್ಕೆ ಬುಡ್ದೆ ಕಟ್ ಆಕವ್ರೆ ನೋಡಿ" ಅಂದರು ಮೇಸ್ತ್ರಿ. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಗಾಳಿಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಕಟ್ಟಿಬಿಡುತ್ತದೆ. ಸುಣ್ಣದ ಗಾರೆ ಕಟ್ಟುವುದಿಲ್ಲ. ಆಲೆಮನೆಯಿಂದ ಬೆಲ್ಲ ತಂದು, ಅಳಲೆಕಾಯಿ ಜೊತೆ ನೀರಲ್ಲಿ ನೆನೆಹಾಕಿ, ಆ ನೀರು ಬೆರೆಸಿ ಸುಣ್ಣದ ಗಾರೆ ಮಾಡಿದರು. ನಿಧಾನದ ಕೆಲಸ, ಕೂಲಿ ಜಾಸ್ತಿ. ಆದರೂ ಎರಡು ಮಳೆಗಾಲ ಕಳೆದಿದೆ, ಒಂದು ಕಡೆಯೂ ಬೊಬ್ಬೆ ಎದ್ದಿಲ್ಲ. ಗೋಡೆಯಲ್ಲಿ ಕೊರೆದು ನೀರಿನ ಪೈಪ್ ಮಾತ್ರ ತರಬೇಡಿ. ಬಚ್ಚಲು, ಟಾಯ್ಲೆಟ್ ಎರಡನ್ನೂ ಹಿತ್ತಲ ಕಡೆ ಇಟ್ಟಿಗೆಯಲ್ಲಿ ಬೇರೆ ಕಟ್ಟಿಸಿದೆವು.

ಅಡುಗೆಮನೆ ಪೂರ್ತಿ ಬದಲಾಯಿಸಿದೆವು. ಅವ್ವನ ಮಂಡಿ ನೋವಿಗಿಂತ ಹಳೇ ಒಲೆ ದೊಡ್ಡದಲ್ಲ.

ಕತ್ತಲೆ ಕೋಣೆಗೆ ಏನು ಮಾಡೋದು ಅಂತ ಸುಮಾರು ಜನ ಕೇಳುತ್ತಾರೆ. ಸೂರಿನಲ್ಲಿ ಮೂರೋ ನಾಲ್ಕೋ ಹೆಂಚು ತೆಗೆದು ಅದೇ ಅಳತೆಯ ಗಾಜಿನ ಹೆಂಚು ಹಾಕಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಪಾದ್ರಿಗಳ ಸಂಸ್ಥೆಯವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಒಂದರ ತುಟಿಗೆ ಇನ್ನೊಂದು ಕೂರುವ ಆ ಹೆಂಚಿನ ಅನುಕೂಲವೇ ಅದು, ಒಡೆದದ್ದನ್ನು ಮಾತ್ರ ತೆಗೆದು ಬೇರೆ ಕೂರಿಸಬಹುದು. ಪಿಒಪಿ ಸೀಲಿಂಗ್ ಹೊಡೆಸಿದರೆ ಈ ದಾರಿಯೂ ಮುಚ್ಚಿತು. ಮೇಲೆ ಸೋರಿದರೂ ಗೊತ್ತಾಗುವುದಿಲ್ಲ, ತೊಲೆ ಒಳಗೊಳಗೇ ಕೊಳೆಯುತ್ತದೆ.

ರಾತ್ರಿ ದೀಪದಲ್ಲಿ ನಾವು ಒಂದು ಸಲ ಎಡವಿದೆವು. 6500 ಕೆಲ್ವಿನ್‌ನ ಬಿಳೀ ಎಲ್‌ಇಡಿ ಹಾಕಿಸಿದ್ದೆವು. ಕೆಂಪು ಆಕ್ಸೈಡ್ ನೆಲ ಸತ್ತ ಹಾಗೆ ಕಂಡಿತು, ಕಂಬದ ಮರವೂ ಬೂದಿ ಬಣ್ಣ. ಹಳದಿ ಬೆಳಕಿನ 2700 ಕೆಲ್ವಿನ್ ಬಲ್ಬ್‌ಗೆ ಬದಲಾಯಿಸಿದ ಸಂಜೆಯೇ ನೆಲಕ್ಕೆ ಜೀವ ಬಂತು. ಹಜಾರಕ್ಕೆ ಮಂದ ಬೆಳಕು, ಓದುವ ಮೂಲೆಗೆ ಒಂದು ಜೋರು ದೀಪ, ಗೋಡೆ ಗೂಡಿನಲ್ಲಿ ಒಂದು ಸಣ್ಣದು. ನೆಲದಲ್ಲಿ ಬಿರುಕಿಗೆ ಹಾಕಿದ ತೇಪೆ ಈಗಲೂ ಕಾಣುತ್ತದೆ. ಕಾಣಲಿ ಬಿಡಿ. ಅದರ ಮೇಲೆ ಟೈಲ್ಸ್ ಹಾಸಲು ನನಗೆ ಮನಸ್ಸು ಬರಲಿಲ್ಲ.

ಕೋತಿ ಏನಾಯಿತು ಅಂತೀರಾ? ತೊಟ್ಟಿ ಬಾಯಿಗೆ ಕಬ್ಬಿಣದ ಸರಳು, ಅದರ ಮೇಲೆ ಜಾಲರಿ. ಮಳೆ ಒಳಗೆ ಬೀಳುತ್ತದೆ, ತೊಟ್ಟಿಯ ತೂಬು ಕ್ಲೀನ್ ಇಟ್ಟರೆ ನೀರು ತಾನೇ ಹರಿದು ಹೋಗುತ್ತದೆ. ಮಳೆ ಬೇಡವೇ ಬೇಡ ಅನ್ನುವವರು ಗಾಜು ಹಾಕಲಿ, ಆದರೆ ಸೂರಿನಿಂದ ಒಂದಡಿ ಮೇಲೆತ್ತಿ, ನಾಲ್ಕೂ ಕಡೆ ಗಾಳಿಗೆ ಜಾಗ ಬಿಟ್ಟು.

ತಮ್ಮನಿಗೆ ಶೀಟಿನವರಿಗೆ ಅಡ್ವಾನ್ಸ್ ಕೊಡಬೇಡ ಅಂದಿದ್ದೇನೆ. ಭಾನುವಾರ ಊರಿಗೆ ಬರುತ್ತಾನೆ. ಹನ್ನೆರಡು ಗಂಟೆಗೆ ಹಜಾರದಲ್ಲಿ ಚಾಪೆ ಹಾಸಿ ಕೂರಿಸುತ್ತೇನೆ. ಸೀಮೆಸುಣ್ಣವನ್ನೂ ಎತ್ತಿಟ್ಟಿದ್ದೇನೆ, ಹೋಗುವಾಗ ಅವನ ಕೈಗೆ ಕೊಡೋಕೆ.